ಆರಿಸದೆ ಬಿಟ್ಟ ಕರ್ಪೂರ

ಮಳವಳ್ಳಿ
೧೯೪೭ನೇ ಇಸವಿ, ಮಾರ್ಚ್ ತಿಂಗಳು

ಚಿರಂಜೀವಿ ಆರ್ವಿಲ್‌ಗೆ,

ನಿನಗೆ ಆರು ವಾರ ಕನ್ನಡ ಹೇಳಿಕೊಟ್ಟ ಮೇಷ್ಟ್ರು ಕೆಂಪಸಿದ್ದಯ್ಯ ಬರೆಯುವ ಕಾಗದ. ಬರೆಯಬೇಕಾದ ಹೊತ್ತಿಗೆ ಬರೆಯಲಿಲ್ಲ, ಎಂಟು ವರ್ಷ ಕಳೆದುಹೋಯಿತು. ಯುದ್ಧ ನಡೆಯುತ್ತಿತ್ತು, ಹಡಗಿನ ಅಂಚೆಯನ್ನು ನೆಚ್ಚುವಂತಿರಲಿಲ್ಲ, ನನಗೂ ಮೈ ಸರಿಯಿರಲಿಲ್ಲ ಎಂದು ನೆಪ ಜೋಡಿಸಬಹುದು. ಆದರೆ ಯುದ್ಧ ಮುಗಿದೇ ಒಂದೂವರೆ ವರ್ಷವಾಯಿತು. ಹೆದರಿ ಬರೆಯಲಿಲ್ಲ ಕಣಯ್ಯ. ಇದನ್ನು ಮೊದಲ ಸಾಲುಗಳಲ್ಲೇ ಹೇಳಿಬಿಡುತ್ತಿದ್ದೇನೆ. ನಾನು ಸುತ್ತಿ ಬಳಸಿ ಮಾತಾಡುವ ಆಸಾಮಿ ಎಂಬುದು ನಿನಗೆ ಗೊತ್ತು. ಮುಂದಕ್ಕೆ ಹಾಕಿದರೆ ಕೊನೆಯ ಪುಟದಲ್ಲೂ ಹೇಳದೆ ಜಾರಿಕೊಳ್ಳುತ್ತೇನೆ.

ನೀನು ಮಂಡ್ಯದ ಸ್ಟೇಷನ್ನಿನಲ್ಲಿ ಇಳಿದದ್ದು ಮೂವತ್ತೊಂಬತ್ತನೇ ಇಸವಿ ಏಪ್ರಿಲ್ ತಿಂಗಳಲ್ಲಿ. ಶಿವಪುರದಲ್ಲಿ ಧ್ವಜ ಏರಿಸಿದ ಮಾರನೆಯ ವರ್ಷ. ಬೆಳ್ಳಗಿನವರನ್ನು ಕಂಡರೆ ಜನ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಕಾಲ. ಮಳವಳ್ಳಿಯ ಸ್ಕೂಲಿಗೆ ಬೇಸಿಗೆ ರಜ ಕೊಟ್ಟಿದ್ದರಿಂದ ನಾನು ಧರ್ಮ ಸಾರಲು ಬಂದ ನಿಮ್ಮ ಸಭೆಯವರಿಗೆ ಭಾಷೆ ಕಲಿಸಲು ಒಪ್ಪಿಕೊಂಡಿದ್ದೆ. ನಿನಗೆ ಇಪ್ಪತ್ತು ತುಂಬಿ ಎರಡು ತಿಂಗಳಾಗಿತ್ತು. ಅಂಥ ಬಿಸಿಲಿನಲ್ಲಿ ಕಪ್ಪು ಕೋಟು, ಕುತ್ತಿಗೆಗೆ ಟೈ, ತಲೆಗೆ ಹ್ಯಾಟು! ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಬರುತ್ತಿತ್ತು. ಅದೇನೆಂದು ನೀನು ಮೂಗು ಮುಚ್ಚಿಕೊಂಡು ಕೇಳಿದೆ. ಸಕ್ಕರೆ ಎಂದೆ. ನಾನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡು ನೀನು ನಂಬಲಿಲ್ಲ.

ಮಂಡ್ಯದಲ್ಲಿ ನಿಮ್ಮ ಸಭೆ ಎಂದರೆ ಒಂದು ಬಾಡಿಗೆ ಮನೆ, ನೀನು ಮತ್ತು ನಿನ್ನನ್ನು ತಯಾರು ಮಾಡಬೇಕಿದ್ದ ನಿನ್ನ ಹಿರಿಯ ಜೊತೆಗಾರ ವಾಲೇಸ್. ಬೇರೆ ಮಿಷನ್ನುಗಳ ಪಾದ್ರಿಗಳು ನಿಮ್ಮನ್ನು ತಮ್ಮವರೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಿಮಗೋ ಊರಿಗಿಲ್ಲದ ನೇಮಗಳು. ಒಬ್ಬನೇ ಎಲ್ಲಿಗೂ ಹೋಗಬಾರದು. ಜೊತೆಗಾರ ಸದಾ ಕಣ್ಣಳತೆಯಲ್ಲಿ ಇರಬೇಕು. ಹೆಂಗಸರೊಂದಿಗೆ ಒಂಟಿಯಾಗಿ ಎರಡು ನಿಮಿಷವೂ ನಿಲ್ಲುವಂತಿಲ್ಲ. ಕಾಫಿ ಇಲ್ಲ, ಟೀ ಇಲ್ಲ. ಇದು ಸನ್ಯಾಸವೋ ಸಂಸಾರವೋ ಎಂದು ನಾನು ವಾಲೇಸನನ್ನು ಕೇಳಿದ್ದೆ. ಅವನು ನಗಲಿಲ್ಲ. ನೀನು ಗೋಡೆಯ ಕಡೆ ತಿರುಗಿಕೊಂಡು ನಕ್ಕೆ. ಆವತ್ತೇ ನೀನು ನನಗೆ ಹಿಡಿಸಿದೆ.

ಕಾಫಿಯ ದೆಸೆಯಿಂದ ನೀನು ಪಟ್ಟ ಪಾಡು ನೆನಪಿದೆಯೆ? ಗುತ್ತಲು ರಸ್ತೆಯ ಮನೆಯೊಂದರಲ್ಲಿ ಆ ಹೆಂಗಸು ಲೋಟ ತುಂಬಾ ಬೆಲ್ಲದ ಕಾಫಿ ತಂದು ಮುಂದಿಟ್ಟಳು. ನೀನು ಎರಡೂ ಕೈ ಮುಗಿದು ಬೇಡ ಎಂದೆ. ಆಕೆ ಸೊಂಟದ ಮೇಲೆ ಕೈಯಿಟ್ಟು, "ಯಾಕಪ್ಪ, ನಮ್ಮನೇಲಿ ಕುಡಿಯಾಕಿಲ್ವಾ? ನಿಂದ್ಯಾವ ಜಾತಿ, ಅಂಥಾ ಮಡಿ?" ಎಂದಳು. ನಮ್ಮ ಸೀಮೆಯಲ್ಲಿ ಕೊಟ್ಟದ್ದನ್ನು ಬೇಡ ಎಂದರೆ ಅದಕ್ಕೆ ಒಂದೇ ಅರ್ಥ. ನಿನ್ನ ಮುಖ ಕೆಂಪಾಯಿತು. ಆ ಸಂಜೆ ನಾನು ವ್ಯಾಕರಣ ಬದಿಗಿಟ್ಟು "ಮಜ್ಜಿಗೆ ಇದ್ದರೆ ಕೊಡಿ ತಾಯಿ" ಎನ್ನುವ ಒಂದು ಮಾತು ಹೇಳಿಕೊಟ್ಟೆ. ವೇದವಾಕ್ಯಕ್ಕಿಂತ ಹೆಚ್ಚು ಬಾಗಿಲುಗಳನ್ನು ನಿನಗೆ ಅದು ತೆರೆಯಿತು. ಇನ್ನು ರಾಗಿ ಮುದ್ದೆಯನ್ನು ನೀನು ಬ್ರೆಡ್ಡಿನಂತೆ ಅಗಿಯುತ್ತ ಕೂತದ್ದನ್ನು ನೆನೆಸಿಕೊಂಡು ನನ್ನ ಮನೆಯಾಕೆ ಇವತ್ತಿಗೂ ಸೆರಗು ಬಾಯಿಗಿಟ್ಟು ನಗುತ್ತಾಳೆ.

ಮೂರನೆಯ ವಾರ ನೀನು ಸೋತೆ. ನಾಲೆಯ ಏರಿಯ ಮೇಲೆ ವಾಲೇಸ್ ಮುಂದೆ ಹೋಗುತ್ತಿದ್ದ, ನಾವಿಬ್ಬರು ಹಿಂದೆ. ನೀನು ಇದ್ದಕ್ಕಿದ್ದಂತೆ ನಿಂತು ಮಗುವಿನ ಹಾಗೆ ಅತ್ತೆ. ದಿನಕ್ಕೆ ಮೂವತ್ತು ಮನೆ ತಟ್ಟಿದ್ದೀಯ, ಒಬ್ಬರೂ ನಿನ್ನ ದೇವರ ಮಾತನ್ನು ಕೇಳಿಲ್ಲ. ಎಲ್ಲರೂ ಕೇಳುವುದು ಒಂದೇ, "ನಿಮ್ಮವ್ವ ಎಂಗ್ ಬುಟ್ಲಪ್ಪ ನಿನ್ನ ಇಷ್ಟ್ ದೂರ್ಕೆ?" ಆ ಪ್ರಶ್ನೆಯೇ ನಿನ್ನನ್ನು ಮುರಿದಿತ್ತು. ಹೋಗಿಬಿಡುತ್ತೇನೆ ಎಂದೆ. ಹೋಗಲೂ ಹೆದರಿಕೆ ಎಂದೆ. ನಿನ್ನನ್ನು ಕಳಿಸಲು ನಿಮ್ಮಪ್ಪ ಹಸುಗಳನ್ನು ಮಾರಿದ್ದರಂತೆ. ಅವಧಿ ಮುಗಿಸದೆ ವಾಪಸು ಬಂದವನನ್ನು ನಿಮ್ಮೂರಿನಲ್ಲಿ ಏನನ್ನುತ್ತಾರೆ ಎಂದು ನಾನು ಕೇಳಿದೆ. "ಏನೂ ಅನ್ನುವುದಿಲ್ಲ ಗುರುಗಳೇ. ಮುಖ ನೋಡಿ ಸುಮ್ಮನಾಗುತ್ತಾರೆ. ಅವನ ತಾಯಿಯ ಮುಖವನ್ನೂ ನೋಡಿ ಸುಮ್ಮನಾಗುತ್ತಾರೆ" ಎಂದೆ ನೀನು. ಇಂಗ್ಲಿಷಿನಲ್ಲಿ ಹೇಳಿದ್ದು. ಅಷ್ಟನ್ನು ಕನ್ನಡದಲ್ಲಿ ಹೇಳುವಷ್ಟು ನಾನು ಇನ್ನೂ ಕಲಿಸಿರಲಿಲ್ಲ. ಆವತ್ತು ನಿನ್ನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವನು ನಾನೇ. ಹೀಗಾಗಿ ನಿನಗೆ ಯಾವುದು ಸಾವಿಗಿಂತ ಹೆಚ್ಚಿನದು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ಮೇಲೆ ವಾಲೇಸನಿಗೆ ಚಳಿಜ್ವರ ಬಂತು. ನಾಲೆ ಬಂದಂದಿನಿಂದ ಮಂಡ್ಯದಲ್ಲಿ ಬತ್ತಕ್ಕೂ ಕಡಿಮೆಯಿಲ್ಲ, ಸೊಳ್ಳೆಗೂ ಕಡಿಮೆಯಿಲ್ಲ. ಅವನು ಕ್ವಿನೈನ್ ನುಂಗಿ ಕಂಬಳಿ ಹೊದ್ದು ಮಲಗಿದ. ನೀನು ಒಬ್ಬನೇ ಓಡಾಡುವ ಹಾಗಿಲ್ಲ, ಸುಮ್ಮನೆ ಕೂರುವ ಹಾಗೂ ಇಲ್ಲ. ವಾಲೇಸನೇ ದಾರಿ ಹುಡುಕಿದ. ತಾನು ಏಳುವವರೆಗೆ ಮೇಷ್ಟ್ರೇ ನಿನ್ನ ಜೊತೆಗಾರ ಎಂದ. ನನ್ನ ಕೈ ಹಿಡಿದು, "ಇವನನ್ನು ಕಣ್ಣಳತೆ ಬಿಟ್ಟು ಕಳಿಸಬೇಡಿ" ಎಂದ. ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನಿನ್ನನ್ನು ಮಳವಳ್ಳಿಗೆ ಕರೆದುಕೊಂಡು ಬಂದು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಸುತ್ತಲ ಹಳ್ಳಿಗಳಿಗೆ ಇಬ್ಬರೂ ನಡೆದು ಹೋಗುತ್ತಿದ್ದೆವು.

ಪೂರಿಗಾಲಿಯ ಆಚೆಯ ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ನಿನಗೆ ಗೊತ್ತು. ಅಲ್ಲಿ ಮುದ್ದಯ್ಯನ ಮನೆಯ ಜಗುಲಿಯಲ್ಲಿ ಕೂತು ನೀನು ಮಜ್ಜಿಗೆ ಕೇಳಿದೆ. ಅವನ ಹೆಂಡತಿ ಬೀರಮ್ಮ ತಂದುಕೊಟ್ಟಳು. ಮಗಳು ಬೆಟ್ಟಮ್ಮ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಆಕೆ ನನ್ನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ನನ್ನ ಕೈಯಲ್ಲಿ ಓದಿದ ಮಕ್ಕಳಲ್ಲೇ ಚುರುಕು. ಹದಿನೇಳಕ್ಕೆ ಗಂಡ ತೀರಿಕೊಂಡಿದ್ದ. ಈಗ ಹತ್ತೊಂಬತ್ತಕ್ಕೆ, ಐವತ್ತು ದಾಟಿದ ನೆಂಟನೊಬ್ಬನಿಗೆ ಎರಡನೆಯವಳಾಗಿ ಕೂಡಿಕೆ ಮಾಡಲು ಅಪ್ಪ ಮಾತು ಮುಗಿಸಿದ್ದ. ಅವಳಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಹೆರಿಗೆಯ ಕೆಲಸ ಕಲಿಯುವ ಆಸೆ. ಅಲ್ಲಿಗೆ ಸೇರಿಸಿಕೊಳ್ಳುವಂತೆ ಅರ್ಜಿಯನ್ನು ನಾನೇ ಬರೆದು ಕಳಿಸಿದ್ದೆ. ಬರಹೇಳಿ ಉತ್ತರವೂ ಬಂದಿತ್ತು. ಇದು ನನಗೂ ಅವಳಿಗೂ ಬಿಟ್ಟು ಯಾರಿಗೂ ತಿಳಿಯದು.

ಎರಡು ದಿನ ಬಿಟ್ಟು, ಮಳವಳ್ಳಿಯ ಸಂತೆಯ ದಿನ, ಅವಳು ಒಂದು ಗಂಟು ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. "ಮೇಷ್ಟ್ರೇ, ಕೂಡ್ಕೆ ನಾಡಿದ್ಕೆ ಇಟ್ಕೊಂಡವ್ರೆ. ಕಳ್ಸಿದ್ರೆ ಇವತ್ತೇ ಕಳ್ಸಿ, ಇಲ್ದಿದ್ರೆ ಬಾವಿ ಐತೆ" ಎಂದಳು. ಮಂಡ್ಯದ ಸ್ಟೇಷನ್ನಿನಲ್ಲಿ ಗುರುತಿನವರು ಜಾಸ್ತಿ. ಅದಕ್ಕೇ ಮದ್ದೂರಿನಲ್ಲಿ ರೈಲು ಹತ್ತಿಸುವುದೆಂದು ಮಾಡಿದೆ. ನಿನ್ನನ್ನು ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ನಿಮ್ಮ ನೇಮ ಅಡ್ಡ ಬಂತು. ನಾನು ಮಾತು ಕೊಟ್ಟಿದ್ದೆನಲ್ಲ! ಹಾಗಾಗಿ ಮದ್ದೂರು ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಅವಳು, ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕದಲ್ಲಿ ಏನೂ ತಿಳಿಯದ ನೀನು. ಪ್ಲಾಟ್‌ಫಾರಮ್ಮಿನಲ್ಲಿ ನಿನಗೆ ಎಲ್ಲವನ್ನೂ ಹೇಳಿದೆ. ನೀನು ಕೇಳಿ, ಅವಳ ಗಂಟನ್ನು ತೆಗೆದುಕೊಂಡು ಹಿಡಿದು ನಿಂತೆ. ನಾನು ನಿನ್ನ ಕೈಯನ್ನು ನನ್ನ ಕೈಯಲ್ಲಿ ಹಿಡಿದು, ಇವಳು ಎಲ್ಲಿಗೆ ಹೋದಳೆಂದು ಯಾರಿಗೂ ಹೇಳಬಾರದು ಎಂದೆ. "ನಾನು ಸುಳ್ಳು ಹೇಳುವುದಿಲ್ಲ ಗುರುಗಳೇ. ಆದರೆ ಹೇಳುವುದೂ ಇಲ್ಲ" ಎಂದೆ ನೀನು. ಆಮೇಲೆ ನಾನು ಟಿಕೇಟು ತರಲು ಕಿಟಕಿಗೆ ಹೋದೆ. ಕಿಟಕಿಯಿಂದ ನೀವಿಬ್ಬರೂ ನನಗೆ ಕಾಣುತ್ತಲೇ ಇದ್ದಿರಿ. ನೀನು ಅವಳಿಂದ ಎರಡು ಮಾರು ದೂರದಲ್ಲಿ, ಗಂಟನ್ನು ಎದೆಗೆ ಅವಚಿಕೊಂಡು, ಪಾಠ ಒಪ್ಪಿಸುವವನ ಹಾಗೆ ನಿಂತಿದ್ದೆ.

ರೈಲು ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನೀನು ಹೇಳಿದ ಮಾತನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. "ಗುರುಗಳೇ, ನಾನು ಹೋಗುವುದಿಲ್ಲ. ಇಲ್ಲೇ ಇರುತ್ತೇನೆ" ಎಂದೆ, ಕನ್ನಡದಲ್ಲೇ. ಐದು ವಾರದಲ್ಲಿ ಮೊದಲ ಸಲ ಒಬ್ಬರಿಗೆ ಉಪಯೋಗಕ್ಕೆ ಬಂದೆ ಎನ್ನಿಸಿತಂತೆ ನಿನಗೆ. ಆ ರಾತ್ರಿ ಮುದ್ದೆಯನ್ನು ಅಗಿಯದೆ ನುಂಗಿದೆ.

ಆಮೇಲಿನದನ್ನು ನಿನಗೆ ಆಗ ವಿವರಿಸಲು ಹೊತ್ತು ಸಿಗಲಿಲ್ಲ, ಈಗ ವಿವರಿಸುತ್ತೇನೆ. ಆ ಹಳ್ಳಿಯ ತಿಮ್ಮಯ್ಯ ಎಂಬುವನು ಮದ್ದೂರಿಗೆ ವೀಳ್ಯದೆಲೆ ಸಾಗಿಸಲು ಬಂದಿದ್ದವನು ದೂರದಿಂದ ನಿನ್ನನ್ನು ಕಂಡಿದ್ದ. ಬೆಟ್ಟಮ್ಮನ ಗಂಟು ನಿನ್ನ ಕೈಯಲ್ಲಿದ್ದುದನ್ನೂ ಕಂಡಿದ್ದ. ಕಿಟಕಿಯ ಮುಂದಿನ ಗುಂಪಿನಲ್ಲಿದ್ದ ನಾನು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಐದಾರು ದಿನದ ಮೇಲೆ ಊರಿನಿಂದ ಕರೆ ಬಂತು. ಮಾರಮ್ಮನ ಗುಡಿಯ ಮುಂದೆ ಊರೇ ಸೇರಿತ್ತು. ಯಜಮಾನ ಕರಿಯಪ್ಪ ಕಟ್ಟೆಯ ಮೇಲೆ ಕೂತಿದ್ದ. ನೀನು ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ನಿಂತೆ. ನಿನ್ನ ಮಾತನ್ನು ಅವರಿಗೆ, ಅವರ ಮಾತನ್ನು ನಿನಗೆ ಹೇಳುವವನು ನಾನು.

ಮೊದಲು ಕರಿಯಪ್ಪ ನನ್ನನ್ನೇ ಕೇಳಿದ. "ಮೇಷ್ಟ್ರೇ, ನೀವೂ ಮದ್ದೂರ್ನಲ್ಲಿ ಇವ್ನ್ ಜೊತೇಲಿ ಇದ್ರಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡಿತು. "ನಾನು ಅಂಚೆ ಕಚೇರಿಗೆ ಹೋಗಿದ್ದೆ. ಆ ಹೊತ್ತಿನಲ್ಲಿ ಇವನೊಬ್ಬನೇ ಸ್ಟೇಷನ್ನಿನಲ್ಲಿದ್ದ" ಎಂದೆ. ಬಾಯಿಂದ ಬಂದುಬಿಟ್ಟಿತು. ನನ್ನನ್ನು ಯಾರೂ ಆಣೆ ಕೇಳಲಿಲ್ಲ. ಮೇಷ್ಟ್ರ ಬಾಯಿ ಮಾತೇ ಊರಿಗೆ ಸಾಕು.

ಆಣೆ ಕೇಳಿದ್ದು ನಿನ್ನನ್ನು. ಗುಡಿಯ ಮೆಟ್ಟಿಲ ಮೇಲೆ ಕರ್ಪೂರದ ಬಿಲ್ಲೆ ಇಟ್ಟು ಹಚ್ಚಿದರು. ನಮ್ಮಲ್ಲಿ ಹೀಗೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಹೇಳಿದ ಮಾತನ್ನು ಯಾರೂ ಮತ್ತೆ ಅನುಮಾನಿಸುವುದಿಲ್ಲ. ಕೋರ್ಟಿನ ತೀರ್ಪಿಗಿಂತ ಹೆಚ್ಚು ಅದು. ಆರಿಸದೆ ಹಿಂದೆ ಸರಿದವನು ತಪ್ಪು ಒಪ್ಪಿಕೊಂಡ ಹಾಗೆಯೇ. "ಆ ಉಡ್ಗಿ ಎಲ್ಲವ್ಳೋ ನಂಗೊತ್ತಿಲ್ಲ ಅಂತ ಯೋಳು, ಕರ್ಪೂರ ಆರ್ಸ್ಬುಡು, ಬುಟ್ಬುಡ್ತೀವಿ" ಎಂದ ಕರಿಯಪ್ಪ. ನಿನಗೆ ಇಂಗ್ಲಿಷಿನಲ್ಲಿ ಅದನ್ನು ಹೇಳಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಳ್ಳೆಯ ದುಭಾಷಿ ನಾನು!

ಇನ್ನೂ ಒಂದು ಸಂಗತಿ ನಿನಗೆ ನಾನು ಹೇಳಲಿಲ್ಲ. ಊರಲ್ಲಿ ಯಾರೂ ಇಲ್ಲದವನ ಪರವಾಗಿ, ಅವನನ್ನು ಬಲ್ಲವನೊಬ್ಬ ಕೈ ಚಾಚಿ ಕರ್ಪೂರ ಆರಿಸಬಹುದು. ಕರಿಯಪ್ಪನೇ ಸುತ್ತಲೂ ನೋಡಿ, "ಈ ಪರದೇಸಿ ಪರ್ವಾಗಿ ಆರ್ಸೋರು ಯಾರಾದ್ರೂ ಇದ್ರೆ ಬನ್ನಿ" ಎಂದು ಮೂರು ಸಲ ಕರೆದ. ಆ ಮಾತನ್ನು ಮಾತ್ರ ನಾನು ನಿನಗೆ ಇಂಗ್ಲಿಷಿಗೆ ತಿರುಗಿಸಲಿಲ್ಲ.

ನೀನು ನನ್ನನ್ನು ಒಂದೇ ಒಂದು ಸಲ ನೋಡಿದೆ. ಕೋಪದಿಂದ ನೋಡಿದ್ದರೆ ಇಷ್ಟು ವರ್ಷ ನಾನು ನಿದ್ದೆ ಮಾಡುತ್ತಿದ್ದೆ. ಆಮೇಲೆ ಅವರ ಕಡೆ ತಿರುಗಿ ಕನ್ನಡದಲ್ಲಿ, "ನನಗೆ ಗೊತ್ತು. ನಾನು ಹೇಳುವುದಿಲ್ಲ" ಎಂದೆ. ಆರು ವಾರ ನಾನು ಕಲಿಸಿದ ಪಾಠದಲ್ಲಿ ಒಂದು ತಪ್ಪೂ ಇಲ್ಲದೆ ನೀನು ಆಡಿದ ಮಾತು ಅದೇ. ಕರ್ಪೂರ ತಾನಾಗಿ ಉರಿದು ಮುಗಿಯಿತು. ಹೆಂಗಸರು ಮಣ್ಣು ತೂರಿದರು. ಮುದ್ದಯ್ಯ ನಿನ್ನ ಕೊರಳಪಟ್ಟಿ ಹಿಡಿದು ಊರಬಾಗಿಲವರೆಗೆ ನೂಕಿಕೊಂಡು ಹೋದ. ನಾನು ಹಿಂದೆ ಹಿಂದೆ ಬಂದೆ.

ಇದೆಲ್ಲ ಬೆಟ್ಟಮ್ಮನಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಬಿಟ್ಟರೆ ಅವರು ಮೈಸೂರಿಗೆ ಹೋಗಿ ಅವಳನ್ನು ಎಳೆದು ತರುತ್ತಾರೆ ಎಂದು. ಅದು ಸುಳ್ಳಲ್ಲ, ಆದರೆ ಅರ್ಧ. ಇನ್ನರ್ಧ ಏನೆಂದರೆ, ಊರ ಹೆಣ್ಣನ್ನು ಓಡಿಸಿದ ಮೇಷ್ಟ್ರು ಎನ್ನಿಸಿಕೊಂಡರೆ ನನ್ನ ಕೆಲಸ ಹೋಗುತ್ತಿತ್ತು. ಮನೆಗೆ ಕಲ್ಲು ಬೀಳುತ್ತಿತ್ತು. ವಾರದೊಳಗೆ ನಿಮ್ಮ ಸಭೆಯ ಹಿರಿಯರು ಮದರಾಸಿನಿಂದ ಮಂಡ್ಯಕ್ಕೆ ಬಂದರು. ಅಲ್ಲಿ ಹಳ್ಳಿಯವರಿರಲಿಲ್ಲ. ಬಾಗಿಲು ಹಾಕಿಕೊಂಡು ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಈ ಹುಡುಗ ಆ ಹೆಣ್ಣಿನ ಜೊತೆ ಒಂಟಿಯಾಗಿದ್ದನೆ? ಅವರಿಗೆ ನಿಜ ಹೇಳಿದ್ದರೆ ಬೆಟ್ಟಮ್ಮನ ಕೂದಲೂ ಕೊಂಕುತ್ತಿರಲಿಲ್ಲ. ಹಳ್ಳಿಗೆ ಸುದ್ದಿ ಹೋಗಿ ನನ್ನ ಬುಡಕ್ಕೆ ಬಂದೀತು ಎಂದು ನಾನು "ಹೌದು, ಸ್ವಲ್ಪ ಹೊತ್ತು" ಎಂದೆ. ನೀನು ಪಕ್ಕದ ಕೋಣೆಯಲ್ಲಿದ್ದೆ. ಗೋಡೆ ತೆಳುವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಕಾಯಿಸಿ ಕೊಟ್ಟವನು ನಾನು.

ನೇಮ ಮುರಿದವನೆಂದು ನಿನ್ನನ್ನು ವಾಪಸು ಕಳಿಸಿದರು. ಮಂಡ್ಯದ ಸ್ಟೇಷನ್ನಿಗೆ ನಾನು ಬಂದಿದ್ದೆ. ಬಂದು ಕಂಬದ ಮರೆಯಲ್ಲಿ ನಿಂತಿದ್ದೆ. ನೀನೇ ಹುಡುಕಿಕೊಂಡು ಬಂದು ನಮಸ್ಕಾರ ಮಾಡಿದೆ. ಏನಾದರೂ ಬೈಯಿ ಮಹರಾಯ ಎಂದು ಕಾದೆ. ಬೈಗುಳ ನಾನು ನಿನಗೆ ಕಲಿಸಿರಲೇ ಇಲ್ಲ.

ನಲವತ್ತೊಂದನೇ ಇಸವಿಯಲ್ಲಿ ನಿನ್ನ ಕಾರ್ಡು ಬಂತು. ಓರೆಕೋರೆ ಅಕ್ಷರ, ಆದರೆ ಒತ್ತಕ್ಷರಗಳೆಲ್ಲ ಸರಿಯಾದ ಜಾಗದಲ್ಲಿದ್ದವು. ಒಬ್ಬನೇ ಕೂತು ಪುಸ್ತಕ ನೋಡಿ ಕಲಿಯುವುದನ್ನು ಮುಂದುವರಿಸಿದ್ದೀಯ ಎಂದು ತಿಳಿಯಿತು. "ಗುರುಗಳಿಗೆ ನಮಸ್ಕಾರ. ನಾನು ಹೊಲದ ಕೆಲಸ ಮಾಡುತ್ತಿದ್ದೇನೆ. ಮೈಸೂರಿನಲ್ಲಿ ಅವರು ಕ್ಷೇಮವೇ?" ಅಷ್ಟೇ. ಕಾರ್ಡು ಯಾರಾದರೂ ಓದಿಯಾರು ಎಂದು ಹೆಸರನ್ನೂ ಬರೆದಿರಲಿಲ್ಲ. ಏಳು ಸಮುದ್ರದಾಚೆ ಕೂತು ನನ್ನ ಗುಟ್ಟನ್ನು ನೀನು ಕಾಯುತ್ತಿದ್ದೆ. ನಿಜ ಹೇಳುತ್ತೇನೆ, ಆ ಕಾರ್ಡು ನೋಡಿ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಉತ್ತರ ಬರೆಯಲಿಲ್ಲ. ಆ ವರ್ಷದ ಕೊನೆಗೆ ನಿಮ್ಮ ದೇಶವೂ ಯುದ್ಧಕ್ಕೆ ಇಳಿಯಿತು.

ಅವಳು ಕ್ಷೇಮವಾಗಿದ್ದಾಳೆ ಆರ್ವಿಲ್. ಕಲಿತು ಮುಗಿಸಿ ಮೈಸೂರಿನಲ್ಲೇ ಕೆಲಸ ಮಾಡುತ್ತಿದ್ದಳು. ಈ ಸಂಕ್ರಾಂತಿ ಕಳೆದ ಮೇಲೆ ಮಳವಳ್ಳಿಗೆ ವರ್ಗವಾಗಿ ಬಂದಳು. ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು, ಮುಂಬಾಗಿಲಿನಿಂದಲೇ ನಮ್ಮ ಮನೆಗೆ ಬಂದಳು. ಕೂತು ನೀರು ಕುಡಿದು ಕೇಳಿದ ಮೊದಲ ಮಾತು, "ನನ್ ಗಂಟು ಇಡ್ಕೊಂಡ್ ನಿಂತಿದ್ರಲ್ಲ ಆ ದೊರೆ, ಈಗ ಎಲ್ಲವ್ರೆ ಮೇಷ್ಟ್ರೇ?" ಅವಳಿಗೆ ಏನೂ ತಿಳಿದಿರಲಿಲ್ಲ. ಎಂಟು ವರ್ಷದಲ್ಲಿ ಅವಳು ಊರಿಗೆ ಕಾಲಿಟ್ಟಿರಲಿಲ್ಲ. ನಾನು ಅವಳಿಗೆ ಬರೆದ ಕಾಗದಗಳಲ್ಲಿ ನಿನ್ನ ಸುದ್ದಿ ಎತ್ತಿರಲಿಲ್ಲ. ಮುಚ್ಚಿಡಲು ನೋಡಿದೆ, ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಕೊನೆಗೆ, ನಿನಗೋಸ್ಕರ ಸುಮ್ಮನಿದ್ದೆನಮ್ಮ ಎಂದೆ.

ಅವಳು ಎದ್ದು ನಿಂತಳು. "ನಾನು ಸೇರಿ ಮೂರ್ ತಿಂಗ್ಳಿಗೇ ನಂಗೊಂದ್ ನೆಲೆ ಆಯ್ತು. ಆವತ್ತಿಂದ ಇವತ್ಗಂಟ ಯಾರ್ಗೋಸ್ಕರ ಸುಮ್ಕಿದ್ರಿ? ನನ್ ಎಸ್ರು ಯೋಳ್ಕೊಂಡು ನಿಮ್ ಚರ್ಮ ಉಳುಸ್ಕೊಂಡ್ರಿ ಮೇಷ್ಟ್ರೇ" ಎಂದಳು. ನನ್ನ ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ದಿನ ಎಲೆ ಹಾಕಿ ಬಡಿಸಿ, ತಿರುಗಿ ನೋಡದೆ ಒಳಗೆ ಹೋದಳು.

ಹೋದ ಸೋಮವಾರ ನಾನು ಬೆಟ್ಟಮ್ಮನನ್ನು ಕರೆದುಕೊಂಡು ಆ ಊರಿಗೆ ಹೋದೆ. ಐವತ್ತು ವರ್ಷದ ಮೈ, ಏಟು ಬಿದ್ದರೆ ತಡೆಯುವುದಿಲ್ಲ ಎಂದುಕೊಂಡೆ. ಕರಿಯಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಗುಡಿಯ ಮುಂದೆ ನಾನೇ ಕರ್ಪೂರ ಹಚ್ಚಿ ಕೂಗಿ ಹೇಳಿದೆ. ಬೆಟ್ಟಮ್ಮನನ್ನು ಕಳಿಸಿದವನು ನಾನು. ಆ ದೊರೆ ಹುಡುಗ ಒಂಟಿಯಾಗಿರಲಿಲ್ಲ, ನ್ಯಾಯದ ದಿನ ನಾನು ಸುಳ್ಳು ಹೇಳಿದೆ. ಹೇಳಿ, ಅಂಗೈಯಿಟ್ಟು ಆರಿಸಿದೆ. ಹತ್ತು ಹನ್ನೆರಡು ಜನ ಸೇರಿದ್ದರು. ಯಾರೂ ಕೂಗಾಡಲಿಲ್ಲ. ಹೊತ್ತು ಮೀರಿ ಬಂದ ನೆಂಟನನ್ನು ನೋಡುವಂತೆ ನನ್ನನ್ನು ನೋಡಿದರು. ಮುದ್ದಯ್ಯ ಹತ್ತಿರ ಬಂದು, "ನಮ್ಗೆ ಗೊತ್ತಿತ್ತು ಬುಡಿ ಮೇಷ್ಟ್ರೇ" ಎಂದ.

ಗೊತ್ತಿತ್ತಂತೆ. ಆ ವರ್ಷದ ಆಷಾಢದಲ್ಲೇ ಬೆಟ್ಟಮ್ಮ ತಾಯಿಗೆ ಒಂದು ಕಾಗದ ಹಾಕಿದ್ದಳು, ಮೇಷ್ಟ್ರು ಸೇರಿಸಿದರು, ಚೆನ್ನಾಗಿದ್ದೇನೆ ಎಂದು. ಓದಿ ಹೇಳಿದವನ ಬಾಯಿಂದ ಊರಿಗೆಲ್ಲ ಹಬ್ಬಿತ್ತು. ಆ ನೆಂಟ ಅಷ್ಟರಲ್ಲಿ ಬೇರೆ ಹೆಣ್ಣು ತಂದುಕೊಂಡಿದ್ದ. ಹಾಗಿದ್ದ ಮೇಲೆ ನನ್ನನ್ನು ಯಾಕೆ ಕೇಳಲಿಲ್ಲ, ಆ ಹುಡುಗನ ಮೇಲಿನ ಅಪವಾದ ಯಾಕೆ ತೆಗೆಯಲಿಲ್ಲ ಎಂದೆ. ಮುದ್ದಯ್ಯ ಮುಚ್ಚುಮರೆಯಿಲ್ಲದೆ ಹೇಳಿದ. "ನೀವು ನಮ್ ಐಕ್ಳುಗೆ ಅಕ್ಸರ ಕಲ್ಸೋರು. ನಿಮ್ ಮ್ಯಾಲ್ ಆಕುದ್ರೆ ನಾಳೀಕ್ ಯಾರ್ ಬತ್ತಾರೆ? ಆ ಉಡ್ಗ ಎಂಗೂ ಒಂಟೋಗಿದ್ದ. ಪರದೇಸಿ ಮ್ಯಾಲ್ ಇದ್ರೆ ಯಾರ್ಗೂ ನೋಯಾಕಿಲ್ಲ ಅಂತ ಬುಟ್ಬುಟ್ಟೋ." ಅವನು ಕೆಟ್ಟವನಲ್ಲ. ಊರೂ ಕೆಟ್ಟದ್ದಲ್ಲ. ಎಂಟು ವರ್ಷ ನಾನು ಹೆದರಿಕೊಂಡು ಬದುಕಿದ್ದು ಯಾವ ಕಲ್ಲಿಗೋ ಅದನ್ನು ಯಾರೂ ಕೈಗೆ ಎತ್ತಿಕೊಂಡೇ ಇರಲಿಲ್ಲ. ನನ್ನ ಹೆದರಿಕೆಗೆ, ಅವರ ಅನುಕೂಲಕ್ಕೆ, ನಿನ್ನನ್ನು ಎಲ್ಲರೂ ಸೇರಿ ಖರ್ಚು ಮಾಡಿದೆವು.

ಬೀರಮ್ಮ ಮಗಳನ್ನು ತಬ್ಬಿಕೊಂಡು ಅಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇದ್ನ ನಮ್ಮುಂದೆ ಯೋಳಿ ಏನ್ ಬಂತು ಮೇಷ್ಟ್ರೇ? ಆ ಉಡ್ಗುನ್ ಊರ್ನೋರ್ ಮುಂದೆ ಯೋಳ್ಬೇಕಾಗಿತ್ತು" ಎಂದಳು. ಓದು ಬರೆಹ ಬಾರದ ಹೆಂಗಸು, ಸರಿಯಾದ ವಿಳಾಸ ಹೇಳಿಕೊಟ್ಟಳು.

ಆದ್ದರಿಂದ ಈ ಲಕೋಟೆಯಲ್ಲಿ ಇಂಗ್ಲಿಷಿನ ಒಂದು ಹಾಳೆಯನ್ನೂ ಇಟ್ಟಿದ್ದೇನೆ. ಮದ್ದೂರಿನ ಸ್ಟೇಷನ್ನಿನಲ್ಲಿ ಆರ್ವಿಲ್ ಒಂದು ಗಳಿಗೆಯೂ ಒಂಟಿಯಾಗಿರಲಿಲ್ಲ, ಅವನ ಜೊತೆಗಾರನಾಗಿ ನೇಮಕವಾಗಿದ್ದ ನಾನು ಕಣ್ಣಳತೆಯಲ್ಲೇ ಇದ್ದೆ, ಆಮೇಲೆ ಎರಡು ಸಲ ಸುಳ್ಳು ಹೇಳಿದೆ ಎಂದು ಬರೆದು ರುಜು ಹಾಕಿದ್ದೇನೆ. ಕೆಳಗೆ ಬೆಟ್ಟಮ್ಮನ ರುಜು ಇದೆ, ಮುದ್ದಯ್ಯ ಮತ್ತು ಬೀರಮ್ಮನ ಹೆಬ್ಬೆಟ್ಟಿನ ಗುರುತಿದೆ. ಇನ್ನೊಂದು ಪ್ರತಿಯನ್ನು ನಿಮ್ಮ ಸಭೆಯ ಹಿರಿಯರಿಗೆ ನೇರವಾಗಿ ಕಳಿಸಿದ್ದೇನೆ. ಈ ಹಾಳೆ ನಿನ್ನ ತಾಯಿಗೆ. ಯಾರ ಮುಖ ನೋಡಿ ಊರು ಸುಮ್ಮನಾಗುತ್ತಿತ್ತೋ ಆ ತಾಯಿ ಇದನ್ನು ಯಾರ ಮುಂದೆ ಬೇಕಾದರೂ ಓದಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನೋ, ನಾನು ಕೇಳುವ ಮೊದಲೇ ಕೊಟ್ಟುಬಿಡುವವನು, ಅದನ್ನು ಪಡೆಯಲು ನನಗೆ ನಾಚಿಕೆ. ಆದರೆ ಒಂದು ಮಾತು ಒಳಗೇ ಕೊರೆಯುತ್ತಿದೆ, ಹೇಳದೆ ಮುಗಿಸಲಾರೆ. ನಿನ್ನ ವಯಸ್ಸಿನ ಹುಡುಗರನ್ನು ಆ ಯುದ್ಧ ಎಷ್ಟು ನುಂಗಿತೆಂದು ಪತ್ರಿಕೆಗಳಲ್ಲಿ ಓದಿದ್ದೇನೆ. ನಲವತ್ತೊಂದರ ಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಇಂಗ್ಲಿಷಿನ ಹಾಳೆಯನ್ನು ಅಲ್ಲಿ ಯಾರು ಬೇಕಾದರೂ ಓದಿಕೊಳ್ಳುತ್ತಾರೆ. ಈ ಕಾಗದವನ್ನು ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ನಿನ್ನ ಊರಿನಲ್ಲಿ, ನಿನ್ನ ಸುತ್ತಲ ನೂರು ಹರದಾರಿಯಲ್ಲಿ, ಇದನ್ನು ಓದಬಲ್ಲವನು ನೀನೊಬ್ಬನೇ. ನೀನಿಲ್ಲದಿದ್ದರೆ ಇದು ಬರೀ ಗೀಚು. ನನ್ನ ತಪ್ಪೊಪ್ಪಿಗೆಯನ್ನು ಕೇಳಿಸಿಕೊಳ್ಳುವ ಕಿವಿ ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

ಬದುಕಿರು ಮಗು. ನನಗಾಗಿ ಅಲ್ಲದಿದ್ದರೂ, ಇದನ್ನು ಓದಿ ನನ್ನನ್ನು ಬೈಯುವುದಕ್ಕಾದರೂ ಬದುಕಿರು. ಯಾವ ದೇವರನ್ನು ಹೊತ್ತು ನಮ್ಮ ಮನೆಬಾಗಿಲುಗಳಿಗೆ ಬಂದೆಯೋ ಆ ದೇವರು ನಿನ್ನನ್ನು, ನಿನ್ನ ಹೆತ್ತವರನ್ನು, ನಿನ್ನ ಹಸುಕರುಗಳನ್ನು ತಣ್ಣಗಿಡಲಿ.

ಮಾತು ಕೊಟ್ಟೂ ನಿನ್ನ ಜೊತೆಗೆ ನಿಲ್ಲದೆ ಹೋದ,
ಕೆಂಪಸಿದ್ದಯ್ಯ